ನಿಮ್ಮ ‘7 ಪಾಠಗಳು’ ವಾಪಸ್ ಬರುತ್ತಿವೆ

ನಮಸ್ಕಾರ.

‘ಸಂಸ್ಕಾರ ಕಾದಂಬರಿ ಕಲಿಸುವ ನಾಯಕತ್ವದ 7 ಪಾಠಗಳು’ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನಿಮ್ಮ ಭಾಷೆ ಚೆನ್ನಾಗಿದೆ. ತೊಂದರೆ ಇರುವುದು ಆ ಏಳು ಪಾಠಗಳಲ್ಲೇ. ‘ನಾಯಕನಿಗೆ ತಾಳ್ಮೆ ಬೇಕು’, ‘ಎಲ್ಲರ ಮಾತು ಕೇಳಬೇಕು’. ಇಷ್ಟು ಹೇಳಲು ಅನಂತಮೂರ್ತಿ 1965ರಲ್ಲಿ ಒಂದು ಕಾದಂಬರಿ ಬರೆಯಬೇಕಿತ್ತಾ? ಆಫೀಸಿನ ಟ್ರೈನಿಂಗ್‌ನಲ್ಲಿ ಇದನ್ನೆಲ್ಲ ಊಟದ ಹೊತ್ತಿಗೆ ಮುಂಚೆಯೇ ಮುಗಿಸಿಬಿಡುತ್ತಾರೆ.

ನೀವು ಒಂದೇ ವಾಕ್ಯದಲ್ಲಿ ದಾಟಿಹೋದ ಜಾಗ ನೋಡಿ. ಅಗ್ರಹಾರದ ಬ್ರಾಹ್ಮಣ ನಾರಣಪ್ಪನ ಹೆಣ ಬಿದ್ದಿದೆ. ಅದನ್ನು ಸುಡುವ ತನಕ ಅಲ್ಲಿ ಯಾರೂ ಉಣ್ಣುವಂತಿಲ್ಲ. ಆಚಾರ ಕೆಟ್ಟವನ ಸಂಸ್ಕಾರ ಮಾಡಲು ಯಾರಿಗೂ ಮನಸ್ಸಿಲ್ಲ. ಆಗ ಅವನ ಜೊತೆ ಬಾಳಿದ ಚಂದ್ರಿ ಮೈಮೇಲಿನ ಬಂಗಾರ ಬಿಚ್ಚಿ, ಅಗ್ರಹಾರಕ್ಕೆ ಹಿರಿಯ ಪಂಡಿತರಾದ ಪ್ರಾಣೇಶಾಚಾರ್ಯರ ಮುಂದೆ ಇಡುತ್ತಾಳೆ, ಖರ್ಚಿಗೆ ಇರಲಿ ಅಂತ. ಅಷ್ಟೇ. ಅಲ್ಲಿಯವರೆಗೆ ಹೆಣ ಮುಟ್ಟಲು ಹೇಸುತ್ತಿದ್ದವರಿಗೆ ಈಗ ಪಕ್ಕದ ಮನೆಯವನು ಮುಟ್ಟಿಬಿಟ್ಟಾನು ಅನ್ನುವ ಭಯ! ಧರ್ಮಶಾಸ್ತ್ರದ ಪ್ರಶ್ನೆ ಸರದ ತೂಕದ ಪ್ರಶ್ನೆಯಾಯಿತು. ಇದಕ್ಕೆ ‘ಸಂಪನ್ಮೂಲ ನಿರ್ವಹಣೆ’ ಅಂತ ತಲೆಬರಹ ಕೊಟ್ಟಿದ್ದೀರಲ್ಲ ಮಾರಾಯ್ರೇ.

ಐದನೇ ಪಾಠ ‘ಪ್ರಾಮಾಣಿಕತೆ’. ಇಲ್ಲಿ ನನ್ನದು ಪೂರ್ತಿ ತಕರಾರು. ಸಂಸ್ಕಾರ ಯಾರು ಮಾಡಬೇಕು ಅನ್ನುವುದಕ್ಕೆ ಓಲೆಗರಿಯಲ್ಲಿ ಉತ್ತರ ಸಿಗಲಿಲ್ಲ, ಮಾರುತಿಯೂ ಹೂವಿನ ಪ್ರಸಾದ ಕೊಡಲಿಲ್ಲ. ಆಚಾರ್ಯರು ಮರಳಿ ಬಂದು, ತನಗೇನೂ ತಿಳಿಯಲಿಲ್ಲ, ನಿಮಗೆ ತೋಚಿದಂತೆ ಮಾಡಿ ಅನ್ನುತ್ತಾರೆ. ನೀವು ಅದನ್ನು ವಿನಯ ಅಂದಿರಿ. ಆದರೆ ಆ ರಾತ್ರಿ ಕಾಡಿನಲ್ಲಿ ಅವರು ಚಂದ್ರಿಯನ್ನು ಕೂಡಿದ್ದರು. ಅದನ್ನು ಜನರ ಮುಂದೆ ಚಂದ್ರಿಯೇ ಹೇಳಲಿ ಅಂತ ಅವಳಿಗೆ ಬಿಟ್ಟರು. ಅವಳು ಹೇಳಲಿಲ್ಲ, ಇವರ ಬಾಯಿಂದಲೂ ಹೊರಡಲಿಲ್ಲ. ‘ಗೊತ್ತಿಲ್ಲ’ ಅನ್ನುವುದೇನೋ ನಿಜವೇ. ಆ ಸಣ್ಣ ನಿಜವನ್ನು ಮುಂದಿಟ್ಟು, ದೊಡ್ಡ ನಿಜವನ್ನು ಅದರ ಹಿಂದೆ ಮುಚ್ಚಿಟ್ಟರು. ಊರಿಗೆ ದಾರಿ ತೋರಿಸುವವರು ಸುಳ್ಳು ಹೇಳದೆಯೂ ಹೀಗೆ ತಪ್ಪಿಸಿಕೊಳ್ಳುತ್ತಾರೆ. ನಿಮ್ಮ ಇಡೀ ಲೇಖನ ಇದೊಂದೇ ಜಾಗದ ಮೇಲೆ ನಿಲ್ಲಬಹುದಿತ್ತು.

ಇನ್ನು ಚಂದ್ರಿ. ಲೇಖನದಲ್ಲಿ ಅವಳು ಹೆಸರಿಗೆ ಒಮ್ಮೆ ಬರುತ್ತಾಳೆ. ಆದರೆ ಕೆಲಸ ಮಾಡಿದವಳು ಅವಳೇ ಅಲ್ವಾ? ಮುಸಲ್ಮಾನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸಿ, ಯಾರಿಗೂ ಹೇಳದೆ ಊರು ಬಿಟ್ಟಳು. ಬ್ರಾಹ್ಮಣರು ಮಾತ್ರ ಬೂದಿಯಾದ ಹೆಣಕ್ಕೆ ಅಪ್ಪಣೆ ಕೇಳಲು ಮಠದ ದಾರಿ ಹಿಡಿದರು. (ಇದನ್ನು ಓದಿದಾಗಲೆಲ್ಲ ನಗು ಬರುತ್ತದೆ. ಆಮೇಲೆ ಸರ್ಕಾರಿ ಕಡತಗಳ ನೆನಪಾಗುತ್ತದೆ.)

ಒಂದು ತಪ್ಪೂ ಇದೆ. ಆಚಾರ್ಯರು ಊರಿಗೆ ಬಂದು ಎಲ್ಲರೆದುರು ಸತ್ಯ ಒಪ್ಪಿಕೊಂಡರು ಅಂತ ಬರೆದಿದ್ದೀರಿ. ಕಾದಂಬರಿಯಲ್ಲಿ ಹಾಗಿಲ್ಲ. ಊರು ಬಿಟ್ಟು ಹೋಗಿದ್ದ ಅವರು ಮರಳಲು ಗಾಡಿ ಹತ್ತುತ್ತಾರೆ, ಕತೆ ಅಲ್ಲಿಗೇ ನಿಲ್ಲುತ್ತದೆ. ಹೇಳಿದರೋ, ದಾರಿಯಲ್ಲೇ ಮನಸ್ಸು ಬದಲಾಯಿತೋ, ಅದು ಓದುವವರಿಗೆ ಬಿಟ್ಟದ್ದು. ಅದನ್ನು ನೀವು ಮುಗಿಸಿಕೊಡುವುದು ಬೇಡ.

ಏಳನ್ನೂ ಬಿಡಿ. ಒಂದು ಸಾವಿರ ಪದ ಸಾಕು, ಆ ‘ಗೊತ್ತಿಲ್ಲ’ದ ಮೇಲೆ ಬರೆಯಿರಿ. ಹಾಗೇ ಈ ಸಲ ‘ನುಡಿ’ ಫಾಂಟ್ ಬೇಡ, ಯೂನಿಕೋಡ್‌ನಲ್ಲಿ ಕಳಿಸಿ. ಫಾಂಟ್ ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ಎಡವಟ್ಟಾಗಿ, ‘ಆಚಾರ್ಯ’ರನ್ನು ಸರಿಮಾಡುವುದರಲ್ಲೇ ನನ್ನ ಅರ್ಧ ಗಂಟೆ ಹೋಯಿತು.