ಸಂಪಾದಕರ ಉತ್ತರ: ಆಟದ ಶುದ್ಧತೆ ಯಾರದ್ದು?

ಪತ್ರ: "ಈಗ ಆಟ ಅಂದ್ರೆ ದುಡ್ಡು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಆಟಗಳಿಗೆ ನಿಯಮ, ಸಂಘ ಎಲ್ಲ ಶುರುವಾದಾಗ ಹವ್ಯಾಸಿಗಳು ಬರೀ ಆಟದ ಪ್ರೀತಿಗೆ ಆಡುತ್ತಿದ್ದರು. ಆ ಶುದ್ಧತೆ ಎಲ್ಲಿ ಹೋಯಿತು?" – ಶಿವಮೊಗ್ಗದ ಓದುಗರೊಬ್ಬರು

ಉತ್ತರ: ನಮಸ್ಕಾರ. ನಿಮ್ಮ ಬೇಸರ ನನಗೂ ಇದೆ. ಆದರೆ ಆ ಕಾಲದ ಶುದ್ಧತೆಯ ಮಾತನ್ನು ನಾನು ಒಪ್ಪಲಾರೆ.

ನಿಯಮ ಬರೆದವರು ದೊಡ್ಡ ಶಾಲೆಗಳಲ್ಲಿ ಓದಿದ ಸ್ಥಿತಿವಂತರು, ನಿಜ. 1863ರಲ್ಲಿ ಲಂಡನ್ನಿನಲ್ಲಿ ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಎದುರಾಳಿಯ ಕಾಲಿಗೆ ಒದೆಯಬಹುದೇ ಎಂಬ ಜಗಳದಲ್ಲಿ ಬ್ಲ್ಯಾಕ್‌ಹೀತ್ ಕ್ಲಬ್ ಹೊರನಡೆಯಿತು. ಆದರೆ ಹವ್ಯಾಸಿ ಅಂದರೆ ಯಾರು ಅಂತ ಅವರು ಹೇಳಿದ್ದನ್ನು ನೋಡಿ. ಹೆನ್ಲಿಯ ದೋಣಿ ಸ್ಪರ್ಧೆಯವರು 1879ರಲ್ಲಿ ಮಾಡಿದ ನಿಯಮದ ಪ್ರಕಾರ ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಗಾರ ಹವ್ಯಾಸಿಯೇ ಅಲ್ಲ. ದೋಣಿ ಹೊಡೆದು ಒಂದು ಕಾಸೂ ಪಡೆಯದಿದ್ದರೂ ಅಲ್ಲ! ಕೈಕೆಲಸ ಮಾಡಿ ಹೊಟ್ಟೆ ಹೊರೆಯುವುದೇ ಅವನ ತಪ್ಪು. ಇತ್ತ ಕ್ರಿಕೆಟ್ಟಿನ ಡಬ್ಲ್ಯೂ.ಜಿ. ಗ್ರೇಸ್ 1873–74ರ ಆಸ್ಟ್ರೇಲಿಯಾ ಪ್ರವಾಸಕ್ಕೆ 1,500 ಪೌಂಡ್ ಪಡೆದರು. ಜೊತೆಗಿದ್ದ ವೃತ್ತಿಪರರಿಗೆ ಸಿಕ್ಕಿದ್ದು ತಲಾ 170. ಆದರೂ ಗ್ರೇಸ್ ಹವ್ಯಾಸಿ! ಇದನ್ನು ಶುದ್ಧತೆ ಅನ್ನೋದು ಹೇಗೆ?

ಗಿರಣಿ ಕೆಲಸಗಾರರಿಗೆ ಆಡುವ ಆಸೆ ಇರಲಿಲ್ಲ ಅಂತಲ್ಲ, ಬಿಡುವು ಇರಲಿಲ್ಲ. 1850ರ ಕಾರ್ಖಾನೆ ಕಾಯ್ದೆ ಶನಿವಾರ ಮಧ್ಯಾಹ್ನ 2ಕ್ಕೆ ಹೆಂಗಸರ, ಹದಿಹರೆಯದವರ ಕೆಲಸ ನಿಲ್ಲಬೇಕು ಅಂದಿತು. ಅವರಿಲ್ಲದೆ ಬಟ್ಟೆ ಗಿರಣಿ ಓಡದು. ಹಾಗಾಗಿ ಗಂಡಸರಿಗೂ ಅರ್ಧ ದಿನ ಸಿಕ್ಕಿತು. ಮೈದಾನ ತುಂಬತೊಡಗಿದ್ದು ಆ ಶನಿವಾರಗಳಿಂದ.

ಫುಟ್‌ಬಾಲ್ ಅಸೋಸಿಯೇಷನ್ ನಡೆಸುವ ಎಫ್‌ಎ ಕಪ್‌ನ 1883ರ ಫೈನಲ್ ನನಗೆ ತುಂಬ ಇಷ್ಟದ ಕಥೆ. ಅಲ್ಲಿಯವರೆಗೆ ಕಪ್ ದಕ್ಷಿಣದ ಹವ್ಯಾಸಿ ಕ್ಲಬ್ಬುಗಳ ಕೈ ಬಿಟ್ಟಿರಲಿಲ್ಲ. ಆ ವರ್ಷ ಒಂದು ಕಡೆ ಇಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ಓಲ್ಡ್ ಇಟೋನಿಯನ್ಸ್, ಇನ್ನೊಂದು ಕಡೆ ಉತ್ತರದ ಲ್ಯಾಂಕಷೈರಿನ ಬ್ಲ್ಯಾಕ್‌ಬರ್ನ್ ಒಲಿಂಪಿಕ್. ಒಲಿಂಪಿಕ್‌ನ ನಾಯಕ ವಾರ್‌ಬರ್ಟನ್ ಪ್ಲಂಬರ್. ತಂಡದಲ್ಲಿ ನೇಕಾರರೂ ಇದ್ದರು. ಫೈನಲ್‌ಗೆ ಮುಂಚೆ ಬ್ಲ್ಯಾಕ್‌ಪೂಲ್‌ಗೆ ಹೋಗಿ ತಾಲೀಮು ಮಾಡಿದ್ದರು. ಅದಕ್ಕೆ ದುಡ್ಡು ಹಾಕಿದವನು ಊರಿನ ಒಬ್ಬ ಎರಕದ ಕಾರ್ಖಾನೆಯ ಮಾಲೀಕ. ಇಟನ್ನಿನವರಲ್ಲಿ ಒಬ್ಬ ಗಾಯಗೊಂಡು ಹೊರಹೋದ. ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಹೆಚ್ಚುವರಿ ಸಮಯದಲ್ಲಿ ನೂಲುವ ಕೆಲಸದ ಜಿಮ್ಮಿ ಕಾಸ್ಟ್ಲಿ ಗೋಲು ಹೊಡೆದ. ಒಲಿಂಪಿಕ್ 2–1ರಿಂದ ಗೆದ್ದಿತು.

ಎರಡೇ ವರ್ಷಕ್ಕೆ, 1885ರಲ್ಲಿ, ಆಟಗಾರರಿಗೆ ಸಂಬಳ ಕೊಡಲು ಅಸೋಸಿಯೇಷನ್ ಒಪ್ಪಿತು. 1888ರಲ್ಲಿ ಶುರುವಾದ ಫುಟ್‌ಬಾಲ್ ಲೀಗ್‌ನ 12 ಕ್ಲಬ್ಬುಗಳೂ ಉತ್ತರ ಮತ್ತು ಮಧ್ಯ ಇಂಗ್ಲೆಂಡಿನವು.

ರಗ್ಬಿಯವರು ಮಾತ್ರ ಬಗ್ಗಲಿಲ್ಲ. ಪಂದ್ಯಕ್ಕೆಂದು ಕೆಲಸ ತಪ್ಪಿಸಿಕೊಂಡವನಿಗೆ ಕಳೆದುಹೋದ ಕೂಲಿಯನ್ನಾದರೂ ಕೊಡಿ ಅಂತ ಉತ್ತರದ ಕ್ಲಬ್ಬುಗಳು ಕೇಳಿದವು. ಲಾಭವನ್ನಲ್ಲ, ಬರೀ ಕೂಲಿಯನ್ನು! ಆಗದು ಎಂಬ ಉತ್ತರ ಬಂತು. 1895ರ ಆಗಸ್ಟ್‌ನಲ್ಲಿ ಆ ಕ್ಲಬ್ಬುಗಳು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆಯಾದವು. ದಿನಕ್ಕೆ 6 ಶಿಲಿಂಗ್ ಕೊಡೋಣ ಅಂತ ನಿರ್ಧರಿಸಿದವು. ಅವು ಬಿಟ್ಟುಬಂದ ರಗ್ಬಿ ಯೂನಿಯನ್ ಆಟದಲ್ಲಿ ಸಂಬಳಕ್ಕೆ ಒಪ್ಪಿಗೆ ಸಿಕ್ಕಿದ್ದು 1995ರ ಆಗಸ್ಟ್‌ನಲ್ಲಿ.