ಬೇಸಾಯವೇ ಇಲ್ಲದ ಊರಿನ ಬಾವಿಗೆ ನೈಟ್ರೇಟ್ ಎಲ್ಲಿಂದ ಬಂತು?

ಓದುಗರ ಪತ್ರ: ನಮ್ಮದು ಕಾರವಾರದ ಹತ್ತಿರ, ಕಡಲಿಗೆ ತಾಗಿದ ಊರು. ಗುಡ್ಡಕ್ಕೂ ನಮ್ಮ ಮನೆಗಳಿಗೂ ನಡುವೆ ಇದ್ದ ಗದ್ದೆಗಳಿಗೆ ಮಣ್ಣು ತುಂಬಿ ಲೇಔಟ್ ಮಾಡಿದ್ದಾರೆ. ಐವತ್ತರಷ್ಟು ಮನೆ ಎದ್ದಿವೆ. ಈಗ ನಮ್ಮ ಬಾವಿ ನೀರಿನಲ್ಲಿ ನೈಟ್ರೇಟ್ ಮಿತಿ ದಾಟಿದೆ ಎಂದು ವರದಿ ಬಂದಿದೆ. ನೈಟ್ರೇಟ್ ಬರುವುದು ಗೊಬ್ಬರದಿಂದ ಅಲ್ವಾ? ಇಲ್ಲಿ ಬೇಸಾಯವೇ ನಿಂತಿದೆ. ನೀರು ಕುದಿಸಿದರೆ ಸಾಕೇ? ಮನೆಯಲ್ಲಿ ಮೂರು ತಿಂಗಳ ಮೊಮ್ಮಗು ಇದೆ.
– ನಿವೃತ್ತ ಶಿಕ್ಷಕಿ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಅಕ್ಕೋರೇ, ಮೊದಲು ಮಗುವಿನ ವಿಷಯ. ಆ ನೀರನ್ನು ಕುದಿಸಿಯೂ ಕೊಡಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಜಾಸ್ತಿಯೇ ಆಗುತ್ತದೆ. ಬ್ಲೀಚಿಂಗ್ ಪೌಡರಿನಿಂದಲೂ ಪ್ರಯೋಜನವಿಲ್ಲ. ಆರು ತಿಂಗಳೊಳಗಿನ ಮಗುವಿಗೆ ಇಂಥ ನೀರಿನಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ, ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕಡಿಮೆಯಾಗಿ ಮೈ ನೀಲಿಗಟ್ಟಬಹುದು. ತಾಯಿಯ ಹಾಲನ್ನೇ ಕುಡಿಯುವ ಮಗುವಿಗೆ ಈ ಭಯ ತೀರಾ ಕಡಿಮೆ. ಸದ್ಯಕ್ಕೆ ಕುಡಿಯಲು, ಅಡುಗೆಗೆ ಬೇರೆ ನೀರು ತರಿಸಿ. ಆರ್‌ಒ ಯಂತ್ರ ನೈಟ್ರೇಟಿನ ಹೆಚ್ಚಿನ ಪಾಲನ್ನು ತೆಗೆಯುತ್ತದೆ, ಆದರೆ ಅದರಿಂದ ಬಂದ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.

ವರದಿಯಲ್ಲಿ ಇನ್ನೊಂದನ್ನು ನೋಡಿಕೊಳ್ಳಿ. ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಕೆಲವು ಲ್ಯಾಬುಗಳು 'ನೈಟ್ರೇಟ್ ರೂಪದ ಸಾರಜನಕ' ಎಂದು ಬರೆಯುತ್ತವೆ. ಆಗ ಮಿತಿ ಸುಮಾರು 10. ಅಂಥ ವರದಿಯಲ್ಲಿ 12 ಎಂದಿದ್ದರೆ '45ಕ್ಕಿಂತ ಎಷ್ಟೋ ಕಡಿಮೆ' ಎಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ.

ಈಗ ಗೊಬ್ಬರದ ಪ್ರಶ್ನೆ. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ವರ್ಷಕ್ಕೆ ಸುಮಾರು 4 ಕಿಲೋ ಸಾರಜನಕ ಇರುತ್ತದೆ, ಅದರಲ್ಲಿ ಬಹುಪಾಲು ಮೂತ್ರದಲ್ಲಿ. ಐವತ್ತು ಮನೆ, ಮನೆಗೆ ನಾಲ್ಕು ಜನ ಎಂದರೆ ವರ್ಷಕ್ಕೆ 800 ಕಿಲೋ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಂದರೆ 45 ಕಿಲೋದ ಸುಮಾರು 40 ಚೀಲ ಯೂರಿಯಾಕ್ಕೆ ಇದು ಸಮ. ಬೇಸಾಯ ನಿಂತರೂ ಸಾರಜನಕ ಬರುವುದು ನಿಂತಿಲ್ಲ.

ಸೆಪ್ಟಿಕ್ ಟ್ಯಾಂಕಿನೊಳಗೆ ಗಾಳಿ ಇಲ್ಲ. ಅಲ್ಲಿ ಸಾರಜನಕ ಅಮೋನಿಯಂ ಆಗಿ ಇರುತ್ತದೆ. ಇಂಗು ಗುಂಡಿಯಿಂದ ಗಾಳಿಯಾಡುವ ಮರಳು ಮಣ್ಣಿಗೆ ಬಂದಾಗ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಂ ಮಣ್ಣಿನ ಕಣಕ್ಕೆ ಅಂಟುತ್ತದೆ, ನೈಟ್ರೇಟ್ ಅಂಟುವುದಿಲ್ಲ. ನೀರು ಹರಿದಲ್ಲಿಗೆ ಅದೂ ಹೋಗುತ್ತದೆ. ಟ್ಯಾಂಕನ್ನು ಎಷ್ಟೇ ಚೆನ್ನಾಗಿ ಕಟ್ಟಿದರೂ ಇದು ತಪ್ಪುವುದಿಲ್ಲ. ಹಾಗಾಗಿ ಲೇಔಟಿನವರ ಮೇಲೆ ಸುಮ್ನೆ ಸಿಟ್ಟಾಗಬೇಡಿ. ಬಾವಿಗೂ ಗುಂಡಿಗೂ 50 ಅಡಿ ದೂರ ಇರಬೇಕು ಎಂಬ ರೂಢಿ ರೋಗಾಣುಗಳ ಲೆಕ್ಕದ್ದು. ನೈಟ್ರೇಟಿಗೆ ಆ ದೂರ ಏನೂ ಅಲ್ಲ. ಜೊತೆಗೆ ನಮ್ಮಲ್ಲಿ ಮಳೆಗಾಲದಲ್ಲಿ ಬಾವಿ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ. ಆಗ ಗುಂಡಿಯೇ ಅಂತರ್ಜಲದಲ್ಲಿ ಮುಳುಗಿರುತ್ತದೆ, ಮಣ್ಣು ಸೋಸಲು ಅವಕಾಶವೇ ಇಲ್ಲ. ಆದ್ದರಿಂದ ಮಳೆಗಾಲದಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ನೀರು ಪರೀಕ್ಷೆ ಮಾಡಿಸಿ, ರೋಗಾಣು ಪರೀಕ್ಷೆಯೂ ಸೇರಲಿ.

ನಿಮ್ಮ ಪತ್ರ ಓದುವಾಗ ನನಗೆ ಹೆಚ್ಚು ಸಂಕಟವಾಗಿದ್ದು ಗದ್ದೆಯ ಬಗ್ಗೆ. ನೈಟ್ರೇಟಿನ ಸಾರಜನಕವನ್ನು ಮತ್ತೆ ಗಾಳಿಗೆ ಕಳಿಸುವ ಬ್ಯಾಕ್ಟೀರಿಯಾಗಳೂ ಇವೆ. ಅವಕ್ಕೆ ಆಮ್ಲಜನಕ ಇಲ್ಲದ ಕೆಸರು ಬೇಕು, ತಿನ್ನಲು ಕೊಳೆತ ಎಲೆ, ಹುಲ್ಲು, ಬೇರು ಬೇಕು. ನೀರು ನಿಂತ ಗದ್ದೆಯಲ್ಲಿ ಎರಡೂ ಇದ್ದವು. ಕುಮಟಾದ ಗಜನಿಗಳಲ್ಲಿ (ಉಪ್ಪುನೀರು ಬಂದುಹೋಗುವ ಗದ್ದೆಗಳಲ್ಲಿ), ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಿನಲ್ಲಿ ಇಂದಿಗೂ ಈ ಕೆಲಸ ನಡೆದಿದೆ. ಗುಡ್ಡದಿಂದ ಇಳಿದು ಬಂದ ನೀರು ನಿಮ್ಮ ಗದ್ದೆಯ ಕೆಸರನ್ನು ದಾಟಿ ಬರುತ್ತಿತ್ತು. ಆ ಜಾಗ ಬಿನಶೇತ್ಕಿ (ಬೇಸಾಯೇತರ ಭೂಮಿ) ಆಗಿ ಕೆಂಪು ಮಣ್ಣು ಬಿದ್ದಾಗ ಒಂದೇ ಕಡೆ ಎರಡು ಕೆಟ್ಟದ್ದಾಯಿತು. ಸಾರಜನಕ ಸುರಿಯುವ ಮನೆಗಳು ಬಂದವು, ಅದನ್ನು ಕಳೆಯುತ್ತಿದ್ದ ಕೆಸರು ಹೋಯಿತು. ಭೂಮಿ ಪರಿವರ್ತನೆ ಮಾಡುವಾಗ ಗದ್ದೆಯನ್ನು ಖಾಲಿ ಜಾಗ ಎಂದು ಎಣಿಸುವುದನ್ನು ನಾನು ಒಪ್ಪುವುದಿಲ್ಲ.

ಬಾವಿ ದಾಟಿದ ನೈಟ್ರೇಟ್ ಕೊನೆಗೆ ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗ, ಸೇರುತ್ತದೆ. ಅಮೆರಿಕದ ಕೇಪ್ ಕಾಡ್ ಎಂಬ ಮರಳು ನೆಲದಲ್ಲಿ ಹೀಗೇ ಆಯಿತು. ಮನೆಗಳ ಸೆಪ್ಟಿಕ್ ಟ್ಯಾಂಕಿನ ಸಾರಜನಕ ಅಂತರ್ಜಲದ ಮೂಲಕ ಕೊಲ್ಲಿಗಳಿಗೆ ಇಳಿದು, ಪಾಚಿ ಬೆಳೆದು, ಕಡಲ ಹುಲ್ಲು ನಾಶವಾಯಿತು. 2023ರಲ್ಲಿ ಅಲ್ಲಿನ ಸರ್ಕಾರ ಸೆಪ್ಟಿಕ್ ನಿಯಮವನ್ನೇ ಬಿಗಿ ಮಾಡಬೇಕಾಯಿತು. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ಬಳಚು (ಚಿಪ್ಪುಮೀನು) ಹೆಕ್ಕಿ ಬದುಕುವ ಕುಟುಂಬಗಳಿವೆ. ಅವರು ನಷ್ಟ ಅನುಭವಿಸಿ ಈ ಪಾಠವನ್ನು ಹೊಸದಾಗಿ ಕಲಿಯುವಂತಾಗಬಾರದು.

ಬಾವಿ ಬಿಟ್ಟು ಬೋರ್‌ವೆಲ್ ಹೊಡೆಸಿ ಎಂದು ಯಾರಾದರೂ ಹೇಳಿದರೆ ಅವಸರ ಮಾಡಬೇಡಿ. ಕಡಲ ಬದಿಯಲ್ಲಿ ಸಿಹಿನೀರಿನ ಅಡಿಗೆ ಉಪ್ಪುನೀರು ಇರುತ್ತದೆ. ಜೋರಾಗಿ ಎತ್ತಿದರೆ ಅದು ಮೇಲೆ ಬರುತ್ತದೆ.

ಪಂಚಾಯ್ತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದ್ದರೆ ಅಕ್ಕಪಕ್ಕದ ಬಾವಿಗಳನ್ನೂ ನೋಡಿಸಿ, ಲೇಔಟಿನೊಳಗಿನದನ್ನೂ ಬಿಡಬೇಡಿ. ಆ ಅಂಕಿಗಳನ್ನು ಹಿಡಿದು ಗ್ರಾಮಸಭೆಯಲ್ಲಿ ಎರಡು ವಿಷಯ ಕೇಳಿ. ಐವತ್ತು ಮನೆಗೂ ಸೇರಿ ಒಂದು ಶುದ್ಧೀಕರಣ ಘಟಕ, ಅದೂ ಸಾರಜನಕ ತೆಗೆಯುವಂಥದ್ದು. ಮತ್ತೆ, ಲೇಔಟಿನ ಕೆಳಗೆ ಇನ್ನೂ ಮಣ್ಣು ಬೀಳದ ಗದ್ದೆ, ಹಳ್ಳದ ಅಂಚು ಉಳಿದಿದ್ದರೆ ಅದನ್ನು ಹಾಗೇ ಬಿಡುವ ಠರಾವು. ಎರಡನೆಯದಕ್ಕೆ ದುಡ್ಡು ಬೇಕಿಲ್ಲ, ಅದನ್ನೇ ಮೊದಲು ಕೇಳಿ.