ಕಾಡುಪ್ರಾಣಿಗಳ ರೋಗಗಳ ಮೇಲೆ ಸಂಶೋಧನೆ ಮಾಡಬೇಕು: ಹೊಸ ವೈರಸ್ ಹುಡುಕುವ ಲ್ಯಾಬ್ ಸೇರಲಾ, ಫೀಲ್ಡ್ ಕೆಲಸಕ್ಕೆ ಹೋಗಲಾ?

ಪಶುವೈದ್ಯ ಪದವಿ ಮುಗಿಸಿದ ವರ್ಷ ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಕಂಡಕಂಡವರನ್ನೆಲ್ಲ ಕೇಳಿದ್ದೆ. ಕೊನೆಗೆ ಫೀಲ್ಡ್ ಆರಿಸಿಕೊಂಡೆ. ಶಿವಮೊಗ್ಗ ಜಿಲ್ಲೆಯ ಕಾಡಂಚಿನಲ್ಲಿ ಮಂಗನ ಕಾಯಿಲೆಯಿಂದ ಮಂಗಗಳು ಎಷ್ಟು ಸಾಯುತ್ತಿವೆ ಎಂದು ಲೆಕ್ಕ ಹಾಕುವ ಕೆಲಸ.

ನೀವು ಬಯಲುಸೀಮೆಯವರು ಎಂದು ಬರೆದಿದ್ದೀರಿ, ಹಾಗಾಗಿ ಕಾಯಿಲೆಯ ಬಗ್ಗೆ ನಾಲ್ಕು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲ ಊರಿನ ಜನಕ್ಕೂ ಜ್ವರ ಬಂತು. ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇನೋ ಎಂಬ ಗಾಬರಿಯಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರು. ಸಿಕ್ಕಿದ್ದು ಅದುವರೆಗೆ ಯಾರೂ ಕಾಣದ ವೈರಸ್, ಹರಡುತ್ತಿದ್ದದ್ದು ಉಣುಗು. ಇಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳಲ್ಲಿ ಈ ವೈರಸ್ ಸದ್ದಿಲ್ಲದೆ ಸುತ್ತುತ್ತದೆ. ಮುಸಿಯಕ್ಕೋ (ಕಪ್ಪು ಮುಖದ ಲಂಗೂರ್) ಕೆಂಪು ಮಂಗಕ್ಕೋ (ಬಾನೆಟ್ ಮಕಾಕ್) ತಗುಲಿದರೆ ಮಾತ್ರ ಅವು ಸಾಯುತ್ತವೆ. ಸತ್ತ ಮಂಗದ ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳು ಕೆಳಗಿನ ದರಗಿಗೆ, ಅಂದರೆ ಒಣ ಎಲೆಗಳ ಮೇಲೆ, ಉದುರುತ್ತವೆ. ಕೊಟ್ಟಿಗೆಗೆ ಹಾಸಲು ಅದೇ ದರಗು ಗುಡಿಸಲು ಹೋದವರಿಗೆ ಕಾಯಿಲೆ ಹತ್ತುತ್ತದೆ. ಹೆಣ ಸಿಕ್ಕ ಜಾಗದ ಸುತ್ತ ಮಲಾಥಿಯಾನ್ ಕೀಟನಾಶಕ ಹೊಡೆಯುವುದು ಇದೇ ಕಾರಣಕ್ಕೆ.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಆಶಾ ಕಾರ್ಯಕರ್ತೆಯರಿಗೆ, ಫಾರೆಸ್ಟ್ ಗಾರ್ಡ್‌ಗಳಿಗೆ, ಹಾಲಿನ ಡೇರಿಯಲ್ಲಿ ಸಿಕ್ಕವರಿಗೆಲ್ಲ ಫೋನ್ ನಂಬರ್ ಕೊಟ್ಟು ಬಂದೆ. ಎಲ್ಲಿ ಮಂಗ ಸತ್ತರೂ ಕರೆ ಬರುತ್ತಿತ್ತು. ಹೋಗಿ ಜಿಪಿಎಸ್ ಗುರುತು ಹಾಕಿ, ಯಾವ ಜಾತಿ, ಗಂಡೋ ಹೆಣ್ಣೋ, ಸತ್ತು ಎಷ್ಟು ಹೊತ್ತಾಗಿದೆ ಎಂದೆಲ್ಲ ಬರೆದುಕೊಳ್ಳುತ್ತಿದ್ದೆ. ದೇಹ ಕೊಳೆಯದೇ ಇದ್ದರೆ ಇಲಾಖೆಯ ವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ಸ್ಯಾಂಪಲ್ ಕಳಿಸುತ್ತಿದ್ದರು. ಎರಡನೆಯ ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಬಳಿ ಅಂದವಾದ ಒಂದು ನಕ್ಷೆ ಇತ್ತು. ಅಡಿಕೆ ತೋಟ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ರಸ್ತೆ ಇರುವಲ್ಲೆಲ್ಲ ಕೆಂಪು ಚುಕ್ಕೆ ಒತ್ತೊತ್ತಾಗಿ, ಒಳಗಾಡಿನಲ್ಲಿ ಅಲ್ಲೊಂದು ಇಲ್ಲೊಂದು. ಮಂಗಗಳಿಗೆ ಈ ರೋಗದ ಹೊರೆ ಕಾಡಂಚಿನಲ್ಲಿ ಹೆಚ್ಚು, ಒಳಗೆ ಕಡಿಮೆ ಎಂದು ಬರೆದೆ. ಗೈಡ್ ಒಪ್ಪಿದರು. ಸೆಮಿನಾರಿನಲ್ಲಿ ಚಪ್ಪಾಳೆಯೂ ಬಿತ್ತು.

ಲೇಖನ ಪರಿಶೀಲಿಸಿದವರು ಒಂದೇ ಸಾಲು ಬರೆದಿದ್ದರು: ಒಳಗಾಡಿನಲ್ಲಿ ಒಟ್ಟು ಎಷ್ಟು ಮಂಗಗಳಿವೆ, ಹೆಣ ಹುಡುಕುತ್ತ ಅಲ್ಲಿ ಯಾರು ಎಷ್ಟು ನಡೆದಿದ್ದಾರೆ? ನನ್ನಲ್ಲಿ ಉತ್ತರ ಇರಲಿಲ್ಲ.

ಈ ತಪ್ಪನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಈ ಕ್ಷೇತ್ರಕ್ಕೆ ಬರುವ ಹತ್ತರಲ್ಲಿ ಎಂಟು ಜನ ಇದೇ ಗುಂಡಿಗೆ ಬೀಳುವುದನ್ನು ಈಗಲೂ ನೋಡುತ್ತಿದ್ದೇನೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ತೋಟದಂಚಿನಲ್ಲಿ 400 ಮಂಗ ಇದ್ದು 20 ಸತ್ತವು. ಒಳಗಾಡಿನಲ್ಲಿ ಇದ್ದದ್ದೇ 25, ಸತ್ತದ್ದು 5. ನಕ್ಷೆಯಲ್ಲಿ ತೋಟದಂಚು ಕೆಂಪಾಗಿ ಉರಿಯುತ್ತದೆ, ಆದರೆ ಅಲ್ಲಿ ಸತ್ತದ್ದು ನೂರಕ್ಕೆ 5, ಒಳಗೆ ನೂರಕ್ಕೆ 20. ಅಷ್ಟೇ ಅಲ್ಲ. ಆ 5 ಹೆಣವೂ ಕಣ್ಣಿಗೆ ಬಿದ್ದಾವು ಎಂಬ ಭರವಸೆ ಏನು? ತೋಟಕ್ಕೆ ದಿನಾ ನಾಲ್ಕು ಜನ ಹೋಗುತ್ತಾರೆ, ವಾಸನೆ ಬಂದರೆ ಹುಡುಕುತ್ತಾರೆ. ಒಳಗಾಡಿನಲ್ಲಿ ಗಾರ್ಡ್ ನಡೆಯುವುದು ಬೀಟ್ ದಾರಿಯಲ್ಲಿ, ಅದೂ ದಿನಾ ಅಲ್ಲ. ಅಷ್ಟರಲ್ಲಿ ಹಂದಿ, ಉಡ, ಇರುವೆಗಳು ಹೆಣವನ್ನು ಮುಗಿಸಿರುತ್ತವೆ. ಒಂದು ಒಳ್ಳೆಯ ಮಳೆ ಬಿದ್ದರೆ ಮೂಳೆಯೂ ಸಿಗುವುದಿಲ್ಲ. ನಾನು ಗುರುತು ಹಾಕಿದ್ದು ಮಂಗಗಳು ಎಲ್ಲಿ ಸತ್ತವು ಎಂಬುದನ್ನಲ್ಲ, ಮನುಷ್ಯರು ಎಲ್ಲಿ ಓಡಾಡುತ್ತಾರೆ ಎಂಬುದನ್ನು.

ಕಾಲದ ಲೆಕ್ಕವೂ ಹಾಗೇ ಕೆಟ್ಟಿತ್ತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತ ಮೇಲೆ ಇಡೀ ಮಲೆನಾಡೇ ಎಚ್ಚರವಾಯಿತು. ಕರೆಂಟ್ ತಂತಿ ತಾಗಿ ಬಿದ್ದ ಮಂಗ, ನಾಯಿ ಕಚ್ಚಿದ ಮಂಗ, ವಾಹನಕ್ಕೆ ಸಿಕ್ಕ ಮಂಗ, ಎಲ್ಲದಕ್ಕೂ ಕರೆ ಬರುತ್ತಿತ್ತು. ಪೇಪರಿನಲ್ಲಿ ಸುದ್ದಿ ಬಂದ ವಾರ ನನ್ನ ಗ್ರಾಫ್ ಮೇಲೇರುತ್ತಿತ್ತು, ಸುದ್ದಿ ನಿಂತ ವಾರ ಇಳಿಯುತ್ತಿತ್ತು. ಕೊಳೆತ ಹೆಣದಲ್ಲಿ ವೈರಸ್ ಸಿಗದಿದ್ದರೆ ಅದು ರೋಗದಿಂದ ಸಾಯಲಿಲ್ಲ ಎಂದಾಗುವುದಿಲ್ಲ, ಹಾಗೆಂದು ಸತ್ತದ್ದನ್ನೆಲ್ಲ ಶಂಕಿತ ಪಟ್ಟಿಗೆ ಸೇರಿಸಲೂಬಾರದು. ನಾನು ಸೇರಿಸಿದ್ದೆ. ಹೆಣ ಇಲ್ಲದ ಕಡೆ ನಡೆದ ದಿನಗಳನ್ನು ಡೈರಿಯಲ್ಲಿ ಬರೆದೇ ಇರಲಿಲ್ಲ, ಏನೂ ಸಿಗದಿದ್ದರೆ ಬರೆಯುವುದೇನು ಎಂದುಕೊಂಡಿದ್ದೆ. ಅದೊಂದನ್ನು ಬರೆದಿಟ್ಟಿದ್ದರೂ ಅರ್ಧ ಕೆಲಸವನ್ನು ಉಳಿಸಿಕೊಳ್ಳಬಹುದಿತ್ತು. ಎಷ್ಟು ಕಿಲೋಮೀಟರ್ ನಡೆದೆ, ಏನೂ ಕಾಣಲಿಲ್ಲ ಎಂಬ ಸಾಲು ಇಲ್ಲದೆ ಕಂಡದ್ದಕ್ಕೆ ಬೆಲೆ ಕಟ್ಟಲು ಬರುವುದಿಲ್ಲ.

ಆ ಅಧ್ಯಾಯ ಹೋಯಿತು, ಫೆಲೋಶಿಪ್ ಅವಧಿಯೂ ಮುಗಿಯಿತು. ಅದಕ್ಕಿಂತ ನೋವಿನ ಸಂಗತಿ ಬೇರೆ ಇದೆ. ಲೇಖನ ತಿರಸ್ಕಾರವಾಗುವ ಮೊದಲೇ ಆ ನಕ್ಷೆಯನ್ನು ಸ್ಥಳೀಯ ಸಭೆಯೊಂದರಲ್ಲಿ ತೋರಿಸಿದ್ದೆ. ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಮೊದಲು ಯಾವ ಊರುಗಳಿಗೆ ಹೋಗಬೇಕು ಎಂದು ಅಲ್ಲಿ ಮಾತಾಡುತ್ತಿದ್ದರು. ಒಳಗಾಡಿನ ಒಂದು ಕೇರಿ ನನ್ನ ನಕ್ಷೆಯಲ್ಲಿ ಬೆಳ್ಳಗಿತ್ತು. ಅಲ್ಲಿಗೆ ಎಣ್ಣೆ ತಡವಾಗಿ ಹೋಯಿತು. ದರಗು ತರಲು ಹೋಗುತ್ತಿದ್ದ ಒಬ್ಬ ಅಮ್ಮ ಜ್ವರ ಬಂದು ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಬದುಕಿದರು. ನಕ್ಷೆ ಸರಿಯಿದ್ದರೆ ಜ್ವರ ಬರುತ್ತಲೇ ಇರಲಿಲ್ಲ ಎಂದು ಹೇಳಲಾರೆ. ಆದರೆ ನಾನು ಹೋಗದ ಜಾಗಕ್ಕೆ ಬಿಳಿ ಬಣ್ಣ ಹಚ್ಚಿದ್ದೆ, ಬಿಳಿ ಎಂದರೆ ಸುರಕ್ಷಿತ ಎಂದು ಜನ ಓದಿಕೊಂಡರು.

ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪದಿರುವುದು ಇದಕ್ಕೆ. ಲ್ಯಾಬೋ ಫೀಲ್ಡೋ ಎಂಬುದು ದೊಡ್ಡ ವಿಷಯ ಅಲ್ಲವೇ ಅಲ್ಲ. ನೀವು ಕೆಲಸ ಮಾಡುವ ಪ್ರಾಣಿಯನ್ನು ಯಾರಾದರೂ ವರ್ಷಗಟ್ಟಲೆ ಎಣಿಸುತ್ತಿದ್ದಾರೋ ಇಲ್ಲವೋ, ಅದು ವಿಷಯ. ಎಣಿಕೆ ಇಲ್ಲದ ಕಡೆ ಫೀಲ್ಡ್‌ನಲ್ಲಿದ್ದರೂ ನನ್ನ ಗತಿಯೇ, ಲ್ಯಾಬ್‌ನಲ್ಲಿದ್ದರೂ ಅದೇ.

ಕೆಂಪು ಮಂಗವನ್ನೇ ನೋಡಿ. ಹಳ್ಳಿ, ದೇವಸ್ಥಾನ, ರಸ್ತೆ ಬದಿ ಎಲ್ಲೆಲ್ಲೂ ಕಾಣುವ ಪ್ರಾಣಿ, ಅದಕ್ಕೆಂಥ ಅಪಾಯ ಎಂದೇ ಎಲ್ಲರೂ ಅಂದುಕೊಂಡಿದ್ದರು. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಅವರ ಸಂಗಡಿಗರು ಅದೇ ರಸ್ತೆಗಳಲ್ಲಿ ಮತ್ತೆ ಮತ್ತೆ ಹೋಗಿ ಎಣಿಸಿದರು. ಸುಮಾರು 25 ವರ್ಷಗಳಲ್ಲಿ ಅವುಗಳ ಸಂಖ್ಯೆ ನೂರಕ್ಕೆ 65ಕ್ಕಿಂತ ಹೆಚ್ಚು ಕುಸಿದಿದೆ ಎಂದು ಗೊತ್ತಾದದ್ದು ಆ ಎಣಿಕೆಯಿಂದ. ಅವರು ಮುಖ್ಯವಾಗಿ ಬೊಟ್ಟು ಮಾಡಿದ ಕಾರಣಗಳಲ್ಲಿ ಒಂದು, ರಸ್ತೆ ಅಗಲಿಸಲು ಸಾಲುಮರಗಳನ್ನು, ಅದರಲ್ಲೂ ದೊಡ್ಡ ಆಲದ ಮರಗಳನ್ನು ಕಡಿದದ್ದು. ವೈರಸ್ ಅಲ್ಲ! ರೋಗದ ಸಂಶೋಧಕರಾಗಿ ಹೋದ ನಮಗೆ ಕಾಣುವುದೆಲ್ಲ ರೋಗವೇ. ಆ ಎಣಿಕೆ ಇರದಿದ್ದರೆ ಮಂಗನ ಕಾಯಿಲೆಯಿಂದ ಈ ಜಾತಿ ನಶಿಸುತ್ತಿದೆ ಎಂದು ನನ್ನಂಥವನೊಬ್ಬ ಬರೆದುಬಿಡುತ್ತಿದ್ದ, ಅದನ್ನು ತಪ್ಪು ಎನ್ನಲು ಯಾರ ಹತ್ತಿರವೂ ಆಧಾರ ಇರುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ತಾಂಜಾನಿಯದ ಸೆರೆಂಗೆಟಿಯದು. 1994ರಲ್ಲಿ ಅಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ ಸಿಂಹಗಳಿಗೆ ತಗುಲಿ ಮೂರರಲ್ಲಿ ಒಂದು ಪಾಲು ಸತ್ತವು. ಮೂರರಲ್ಲಿ ಒಂದು ಎಂದು ಅಷ್ಟು ಗಟ್ಟಿಯಾಗಿ ಹೇಳಲು ಸಾಧ್ಯವಾದದ್ದು 1960ರ ದಶಕದಿಂದ ಅಲ್ಲಿ ಒಂದೊಂದು ಸಿಂಹವನ್ನೂ ಗುರುತಿಟ್ಟು ದಾಖಲಿಸುತ್ತ ಬಂದಿದ್ದರಿಂದ. ನನಗೆ ಹೆಚ್ಚು ಬುದ್ಧಿ ಕಲಿಸಿದ್ದು ಅದರ ಮುಂದಿನ ಕಥೆ. ಕಾಪಿಟ್ಟಿದ್ದ ಹಳೆಯ ರಕ್ತದ ಸ್ಯಾಂಪಲ್‌ಗಳನ್ನು ತೆಗೆದು ನೋಡಿದರೆ, ಅದೇ ವೈರಸ್ ಮೊದಲೂ ಕೆಲವು ಸಲ ಸಿಂಹಗಳ ನಡುವೆ ಹರಡಿ ಹೋಗಿತ್ತು, ಆಗ ಸಾವು ಹೆಚ್ಚಿರಲಿಲ್ಲ. 1994ರಲ್ಲಿ ಬೇರೆಯಾಗಿದ್ದದ್ದು ಅದರ ಹಿಂದಿನ ಬರಗಾಲ. ಬರದಲ್ಲಿ ಸೊರಗಿದ ಕಾಡೆಮ್ಮೆಗಳ ಮೈತುಂಬ ಉಣುಗು, ಅವುಗಳನ್ನು ತಿಂದ ಸಿಂಹಗಳಲ್ಲಿ ಉಣುಗಿನಿಂದ ಬರುವ ಬೆಬಿಸಿಯಾ ಎಂಬ ರಕ್ತದ ಪರೋಪಜೀವಿ ವಿಪರೀತವಾಯಿತು, ಅದರ ಮೇಲೆ ಡಿಸ್ಟೆಂಪರ್ ಬಂದು ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸಿತು. ರಕ್ತದಲ್ಲಿ ಪ್ರತಿಕಾಯ ಸಿಕ್ಕಿತೆಂದರೆ ಆ ಪ್ರಾಣಿ ವೈರಸ್‌ಗೆ ಸಿಕ್ಕಿ ಬದುಕಿದೆ ಎಂದಷ್ಟೇ ಅರ್ಥ. ಅಪಾಯ ಇದೆಯೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ನಮ್ಮ ಗಿರ್‌ನಲ್ಲಿ 2018ರಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಡಿಸ್ಟೆಂಪರ್, ಬೆಬಿಸಿಯಾ ಎರಡರ ಹೆಸರೂ ಕೇಳಿಬಂತು. ಅಲ್ಲಿ 2015ರ ಗಣತಿಯಲ್ಲಿ 523 ಇದ್ದ ಸಿಂಹಗಳು 2020ರಲ್ಲಿ 674 ಆಗಿದ್ದವು. ಆ ಸಾವುಗಳು ಒಟ್ಟು ಸಂಖ್ಯೆಯನ್ನು ತಗ್ಗಿಸಲಿಲ್ಲ ಎಂದು ಹೇಳಲು ಆಧಾರ ಈ ಎಣಿಕೆಗಳೇ. ಎಲ್ಲವೂ ಒಂದೇ ಸೀಮೆಯಲ್ಲಿ ಇರುವುದರಿಂದ ದೊಡ್ಡ ಅಪಾಯ ಹಾಗೇ ಇದೆ, ಅದು ಬೇರೆ ಮಾತು.

ಹೊಸ ವೈರಸ್ ಹುಡುಕುವುದಕ್ಕೇ ಭವಿಷ್ಯ ಎಂದು ನಿಮಗೆ ಯಾರೋ ಹೇಳಿದ್ದಾರೆ. ನಾನು ನಂಬುವುದಿಲ್ಲ. ಬಾವಲಿಯ ಹಿಕ್ಕೆಯಿಂದ ಹತ್ತು ವೈರಸ್‌ಗಳ ಜೀನ್ ಅನುಕ್ರಮ ತೆಗೆದು ಪಟ್ಟಿ ಮಾಡಿದರೆ ಲೇಖನ ಬರುತ್ತದೆ, ಬಾವಲಿಗೆ ಅದರಿಂದ ಏನಾಗುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಕಾಡುಪ್ರಾಣಿಗಳನ್ನು ಉಳಿಸಿದ ರೋಗವಿಜ್ಞಾನ ಎಂದು ನಾನು ಎದೆ ತಟ್ಟಿ ಹೇಳುವುದು ದೊಡ್ಡರೋಗದ್ದು, ಅಂದರೆ ರಿಂಡರ್‌ಪೆಸ್ಟ್‌ನದು. 1968ರಲ್ಲಿ ಬಂಡೀಪುರ, ಮುದುಮಲೆಯ ಕಾಟಿಗಳನ್ನು (ಕಾಡುಕೋಣ) ಗುಡಿಸಿಹಾಕಿದ ರೋಗ ಅದು. 2011ರಲ್ಲಿ ಅದು ಇಡೀ ಭೂಮಿಯಿಂದಲೇ ಹೋಯಿತೆಂದು ಘೋಷಿಸಿದರು. ಕಾಡಿನೊಳಗೆ ಹೋಗಿ ಕಾಟಿಗೆ ಯಾರೂ ಸೂಜಿ ಚುಚ್ಚಲಿಲ್ಲ. ಊರ ದನಗಳಿಗೆ ಲಸಿಕೆ ಹಾಕಿದ ಪಶುವೈದ್ಯರು, ಕಾಂಪೌಂಡರ್‌ಗಳು ಕಾಟಿಯನ್ನು ಕಾಪಾಡಿದರು. ನಿಮ್ಮೂರಿನ ಬೀದಿನಾಯಿಗಳಿಗೆ ಡಿಸ್ಟೆಂಪರ್ ಲಸಿಕೆ ಹಾಕುತ್ತ, ಪಕ್ಕದ ಕುರುಚಲು ಕಾಡಿನ ನರಿ, ತೋಳಗಳ ಲೆಕ್ಕ ಇಡುವ ಒಂದು ಯೋಜನೆ ಸಿಕ್ಕರೆ, ಎಷ್ಟೇ ದೊಡ್ಡ ಲ್ಯಾಬ್ ಕರೆದರೂ ಅದನ್ನು ಬಿಟ್ಟು ಈ ಯೋಜನೆಗೇ ಸೇರಿ ಎನ್ನುತ್ತೇನೆ.

ಲ್ಯಾಬ್ ಬೇಡ ಎನ್ನುತ್ತಿಲ್ಲ. ಪರೀಕ್ಷೆ ಇಲ್ಲದಿದ್ದರೆ ತಂತಿ ತಾಗಿ ಸತ್ತದ್ದೂ ರೋಗದಿಂದ ಸತ್ತದ್ದೂ ಒಂದೇ. ಆದರೆ ಪಿಸಿಆರ್ ಆರು ತಿಂಗಳಲ್ಲಿ ಕಲಿಯಬಹುದು. ಒಂದೇ ದಾರಿಯಲ್ಲಿ ಹತ್ತು ವರ್ಷ ಎಣಿಸಿದ ಲೆಕ್ಕವನ್ನು ಆಮೇಲೆ ಎಷ್ಟು ದುಡ್ಡು ಕೊಟ್ಟರೂ ಕೊಳ್ಳಲು ಬರುವುದಿಲ್ಲ.

ಸೇರುವ ಮೊದಲು ಗೈಡ್‌ಗೆ ನೇರವಾಗಿ ಕೇಳಿ: ಈ ಪ್ರಾಣಿಯ ಹಿಂದಿನ ವರ್ಷಗಳ ಎಣಿಕೆ ನಿಮ್ಮಲ್ಲಿದೆಯೇ? ಆರೋಗ್ಯವಾಗಿರುವ ಪ್ರಾಣಿಗಳನ್ನು ಯಾರು ನೋಡುತ್ತಿದ್ದಾರೆ? ಹಳೆಯ ರಕ್ತದ ಸ್ಯಾಂಪಲ್ ಕಾಪಿಟ್ಟಿದ್ದೀರಾ? ಮೂರಕ್ಕೂ ಇಲ್ಲ ಎಂದರೆ, ಎಣಿಕೆಯಿಂದಲೇ ಶುರು ಮಾಡಲು ಒಂದು ವರ್ಷ ಕೊಡುತ್ತೀರಾ ಎಂದು ಕೇಳಿ. ಅದಕ್ಕೂ ಮುಖ ಸಿಂಡರಿಸಿದರೆ ಬೇರೆ ಕಡೆ ನೋಡಿ, ಸಂಸ್ಥೆಯ ಹೆಸರು ಎಷ್ಟೇ ದೊಡ್ಡದಿರಲಿ.

ಮಂಗನ ಕಾಯಿಲೆಯ ಮೇಲೆಯೇ ಕೆಲಸ ಮಾಡುವ ಮನಸ್ಸಿದ್ದರೆ ಈಗ ತುರ್ತು ಇದೆ. 2012ರಲ್ಲಿ ಬಂಡೀಪುರ, ಆಮೇಲೆ ವಯನಾಡು, ನೀಲಗಿರಿ, ಗೋವಾ, ಸಿಂಧುದುರ್ಗ ಎಂದು ಅದು ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿದೆ. ಈ ಊರುಗಳ ಕಾಡಿನಲ್ಲಿ ಮುಸಿಯ ಎಷ್ಟು, ಕೆಂಪು ಮಂಗ ಎಷ್ಟು ಎಂಬುದನ್ನು ರೋಗ ಮತ್ತೆ ಬರುವ ಮೊದಲೇ ಎಣಿಸಿಡುವವರು ಬೇಕು. ಸತ್ತ ಮಂಗಗಳಲ್ಲಿ ಮುಸಿಯಗಳೇ ಹೆಚ್ಚು ಎಂದು ಹಿಂದಿನಿಂದಲೂ ದಾಖಲೆಯಿದೆ. ರೋಗಕ್ಕೆ ಅವು ಹೆಚ್ಚು ಬಲಿಯಾಗುತ್ತವೆ, ನಿಜ, ಆದರೆ ನಿಮ್ಮ ಕಾಡಿನಲ್ಲಿ ಮೊದಲೇ ಅವು ಎಷ್ಟಿದ್ದವು ಎಂದು ತಿಳಿಯದೆ ಎಷ್ಟು ಹೆಚ್ಚು ಎಂದು ಹೇಳಲಾಗದು. ಜನರಿಗೆ ಕಚ್ಚುವ ನಿಂಫ್ (ಇನ್ನೂ ಬಲಿಯದ) ಹಂತದ ಉಣುಗುಗಳು ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಏಳುತ್ತವೆ, ಮೇ ತನಕ ಇರುತ್ತವೆ. ಹಾಗಾಗಿ ಮಳೆ ನಿಂತು ದಾರಿ ಬಿಟ್ಟ ಕೂಡಲೇ, ಅಕ್ಟೋಬರ್‌ನಲ್ಲೇ ಮೊದಲ ಸುತ್ತಿನ ಎಣಿಕೆ ಮುಗಿಸಿಕೊಳ್ಳಿ. ಅರಣ್ಯ ಇಲಾಖೆಯ ಅನುಮತಿಗೆ ಅದಕ್ಕೂ ತಿಂಗಳುಗಳ ಮುಂಚೆ ಅರ್ಜಿ ಹಾಕಿರಬೇಕು. ಸತ್ತ ಮಂಗವನ್ನು ಮಾತ್ರ ನೀವಾಗಿ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. ದೂರದಿಂದ ಗುರುತು ಹಾಕಿ ಗಾರ್ಡ್‌ಗೂ ಪಶುವೈದ್ಯರಿಗೂ ಫೋನ್ ಮಾಡಿ, ಆ ದಿನ ನಡೆದ ದಾರಿಯ ಉದ್ದವನ್ನು ಡೈರಿಯಲ್ಲಿ ಬರೆದುಕೊಳ್ಳಿ. ನನ್ನ ಎಣಿಕೆಯ ಹಾಳೆಯ ಮಾದರಿ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.